ಊರ ಕಾಲೇಜೋ, ಪಟ್ಟಣದ ವಿಶ್ವವಿದ್ಯಾಲಯವೋ?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಭಟ್ಕಳ, ಹೊನ್ನಾವರ, ಕುಮಟೆಗಳ ಮನೆಗಳಲ್ಲಿ ವರ್ಷವರ್ಷವೂ ಒಂದೇ ಚರ್ಚೆ ನಡೆಯುತ್ತದೆ. ಬಿ.ಎ. ಓದಬಯಸುವ ಮಗನನ್ನಾಗಲಿ ಮಗಳನ್ನಾಗಲಿ ಊರ ಕಾಲೇಜಿಗೆ ಸೇರಿಸತಕ್ಕದ್ದೋ, ಮಂಗಳೂರು ಬೆಂಗಳೂರುಗಳಿಗೆ ಕಳುಹತಕ್ಕದ್ದೋ? ಇದನ್ನು ಕೇವಲ ಮನೆವಾರ್ತೆಯೆಂದು ನಾವು ಎಣಿಸುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕಾಲೇಜೆಂಬುದೇ ಇಲ್ಲದಿದ್ದಾಗ ಉಚ್ಚ ಶಿಕ್ಷಣ ಬಯಸಿದವನು ಘಟ್ಟ ಹತ್ತಿ, 1917ರಲ್ಲಿ ಸ್ಥಾಪಿತವಾದ ಧಾರವಾಡದ ಕರ್ನಾಟಕ ಕಾಲೇಜಿಗೆ ಹೋಗಬೇಕಾಗಿತ್ತು, ಇಲ್ಲವೆ ಮುಂಬಯಿಗೆ. ಹೋಗಲಾರದವನ ಓದು ಮ್ಯಾಟ್ರಿಕ್ಯುಲೇಶನ್ನಿಗೆ ಮುಗಿಯುತ್ತಿತ್ತು. ಹೆಣ್ಣುಮಕ್ಕಳ ಮಾತಂತೂ ಹೇಳುವಂತಿರಲಿಲ್ಲ. ಈ ಅಡ್ಡಿಯನ್ನು ತೆಗೆಯಲು ಜಿಲ್ಲೆಯ ಜನರೇ ಮುಂದಾದರು. ಡಾ. ಎ. ವಿ. ಬಾಳಿಗರ ಹೆಸರನ್ನು ಹೊತ್ತ ಕುಮಟೆಯ ಕಾಲೇಜು, 1964ರಲ್ಲಿ ಹೊನ್ನಾವರದ ಎಸ್.ಡಿ.ಎಂ. ಕಾಲೇಜು, 1966ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟಿನ ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜು, 1968ರಲ್ಲಿ ಭಟ್ಕಳದ ಅಂಜುಮನ್ ಕಾಲೇಜು ಹೀಗೆ ಹುಟ್ಟಿದವು. ಅಂಜುಮನ್ ಸಂಸ್ಥೆಯಾದರೋ 1919ರಿಂದಲೂ ವಿದ್ಯಾದಾನದಲ್ಲಿ ತೊಡಗಿದ್ದಿತು.

ಈಗ ಕೊಂಕಣ ರೈಲು ಬಂದಿದೆ, ಹೆದ್ದಾರಿ ಅಗಲವಾಗಿದೆ. ಅನುಕೂಲಸ್ಥರ ಮಕ್ಕಳು ಹೊರಟುಹೋಗುತ್ತಾರೆ. ಆದರೆ ‘ವಿಶ್ವವಿದ್ಯಾಲಯ’ವೆಂಬ ಶಬ್ದಕ್ಕೆ ಮರುಳಾಗುವ ಪಾಲಕರು ಒಂದು ಸಂಗತಿಯನ್ನು ವಿಚಾರಿಸಬೇಕು. ಪಟ್ಟಣದಲ್ಲಿಯೂ ಬಿ.ಎ. ಪಾಠ ನಡೆಯುವುದು ಬಹುಮಟ್ಟಿಗೆ ಸಂಲಗ್ನ ಕಾಲೇಜುಗಳಲ್ಲಿಯೇ. ವಿಶ್ವವಿದ್ಯಾಲಯದ ನಿಜವಾದ ಮೇಲ್ಮೆಯಿರುವುದು ಸ್ನಾತಕೋತ್ತರ ವಿಭಾಗಗಳಲ್ಲಿ, ಸಂಶೋಧನೆಯಲ್ಲಿ, ದೊಡ್ಡ ಗ್ರಂಥಾಲಯದಲ್ಲಿ. ನಮ್ಮ ಕಾಲೇಜುಗಳು ಕೊಡಿಸುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿಯನ್ನೇ. ಅದನ್ನು ಪಡೆದು ಎಂ.ಎ.ಗೆ ಪಟ್ಟಣ ಸೇರಲು ಯಾರ ಅಡ್ಡಿಯೂ ಇಲ್ಲ. ಮೂರು ವರ್ಷ ವಸತಿಗೃಹಕ್ಕೆ ಸುರಿಯುವ ಹಣವನ್ನು ಅದಕ್ಕಾಗಿ ಉಳಿಸುವುದು ಮೇಲಲ್ಲವೆ?

ಹಾಗೆಂದು ಊರ ಕಾಲೇಜನ್ನು ಕಣ್ಣುಮುಚ್ಚಿ ಹೊಗಳಲಾರೆವು. ಬೇಕಾದ ವಿಷಯವೇ ಇಲ್ಲಿರದಿದ್ದರೆ ವಿದ್ಯಾರ್ಥಿಯು ಹೋಗತಕ್ಕದ್ದೇ ಸರಿ. ವಿಷಯವಿದ್ದು ಕಲಿಸುವವರಿಲ್ಲದಿದ್ದರೆ? 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿಗಳನ್ನು ಬಹಿಷ್ಕರಿಸಿದಾಗ, ರಾಜ್ಯದ ಸರಕಾರಿ ಕಾಲೇಜುಗಳು ಯಾರ ಹೆಗಲ ಮೇಲೆ ನಿಂತಿವೆಯೆಂಬುದು ಎಲ್ಲರಿಗೂ ಗೊತ್ತಾಯಿತು. ಖಾಯಂ ಹುದ್ದೆಗಳನ್ನು ತುಂಬದೆ, ಮಕ್ಕಳು ಬರುವುದಿಲ್ಲವೆಂದು ವಿಷಯಗಳನ್ನೇ ಮುಚ್ಚುವುದು ನೀರೆರೆಯದೆ ಗಿಡ ಒಣಗಿತೆಂದು ಕಡಿದಂತೆ. ಹೀಗೆ ಮುಚ್ಚಿದಾಗ ನಷ್ಟವಾಗುವುದು ಬೆಂಗಳೂರಿಗೆ ಹೋಗಬಲ್ಲವನಿಗಲ್ಲ. ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆ ಮನೆ ಸೇರಬೇಕಾದ ಮೀನುಗಾರರ, ರೈತರ ಮಗಳಿಗೆ.

ಪ್ರವೇಶದ ಅರ್ಜಿಗಳನ್ನು ಕರೆಯುವ ಮುನ್ನ ಪ್ರತಿಯೊಂದು ಕಾಲೇಜೂ ಯಾವ ವಿಷಯಕ್ಕೆ ಎಷ್ಟು ಮಂದಿ ಖಾಯಂ ಅಧ್ಯಾಪಕರಿದ್ದಾರೆಂಬುದನ್ನು ಬಾಗಿಲ ಫಲಕದಲ್ಲಿ ಬರೆಯಿಸಲಿ. ತೆರವಾದ ಸ್ಥಾನಗಳನ್ನು ಎಂದು ತುಂಬುವೆವೆಂದು ಶಿಕ್ಷಣ ಇಲಾಖೆಯ ಅಧಿಕಾರಿಗಳು ಅದರ ಕೆಳಗೆ ಬರೆಯಲಿ.