ದಮ್ಮಿನ ರೋಗಿಯೂ ಔಷಧದ ಅಂಗಡಿಯೂ

ಮೆಣಸಿನಕಾಯಿಯ ಸುಗ್ಗಿ ಬಂತೆಂದರೆ ಬ್ಯಾಡಗಿಯ ಪೇಟೆಗೆಲ್ಲ ಘಾಟು. ಚೀಲ ಹೊರುವ ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಖಾರಪುಡಿಯ ಗಿರಣಿಯ ಆಳುಗಳು ಬೆಳಗಿನಿಂದ ಸಂಜೆಯವರೆಗೆ ಆ ಧೂಳನ್ನೇ ಉಸಿರಾಡುತ್ತಾರೆ. ರಾಣೆಬೆನ್ನೂರು, ಹಾವೇರಿಗಳ ಹತ್ತಿ ಜಿನ್ನುಗಳಲ್ಲಿ ಅರಳೆಯ ಧೂಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದರ ಬಣ್ಣಕ್ಕೆ ಪರದೇಶದಲ್ಲೂ ಬೆಲೆಯಿದೆ. ಅದನ್ನು ಆರಿಸಿದವರ ಎದೆಗೂಡಿನ ಬೆಲೆಯನ್ನು ಕೇಳಿದವರು ಕಡಿಮೆ.

ಧೂಳಿನ ಕೆಮ್ಮೆಲ್ಲ ದಮ್ಮಲ್ಲ, ದಮ್ಮೆಲ್ಲ ಧೂಳಿನಿಂದಲೇ ಬಂದದ್ದೂ ಅಲ್ಲ. ಆದರೆ ದಮ್ಮು ಇರುವವನಿಗೆ ಈ ಧೂಳು ಉರಿಯುವ ಒಲೆಗೆ ಹಾಕಿದ ಸೌದೆ. ಇಂಥವನು ಮೊದಲು ಹೋಗುವುದು ಎಲ್ಲಿಗೆ? ಡಾಕ್ಟರರ ಬಳಿಗಲ್ಲ, ಅಲ್ಲಿ ಸರದಿ ನಿಂತರೆ ಅರ್ಧ ದಿನದ ಕೂಲಿ ಹೋಯಿತು. ಅವನು ರಾತ್ರಿ ಎಂಟು ಗಂಟೆಗೆ ಔಷಧದ ಅಂಗಡಿಗೆ ಬಂದು, "ಅಣ್ಣಾರ, ದಮ್ಮಿನ ಗುಳಿಗಿ ಎರಡು ಕೊಡ್ರಿ" ಎನ್ನುತ್ತಾನೆ. ಅಂಗಡಿಯವರು ಕೊಡುತ್ತಾರೆ. ಇಬ್ಬರಲ್ಲಿ ಯಾರನ್ನೂ ನಾವು ದೂಷಿಸುವುದಿಲ್ಲ. ಆ ಚೀಟಿಯೊಳಗೆ ಏನಿದೆ ಎಂಬುದನ್ನು ಮಾತ್ರ ಬಿಡಿಸಿ ನೋಡೋಣ.

ಒಂದು ಸಾಲ್ಬುಟಮೋಲ್ ಗುಳಿಗೆ, 4 ಮಿಲಿಗ್ರಾಂ. ಅದೇ ಔಷಧದ ಪಂಪನ್ನು ಒಂದು ಸಲ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ. ಲೆಕ್ಕ ಮಾಡಿರಿ: ಗುಳಿಗೆಯಲ್ಲಿರುವುದು 40 ಪಟ್ಟು. ಅದು ಹೊಟ್ಟೆಗಿಳಿದು, ರಕ್ತದಲ್ಲೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಹೊಡೆದುಕೊಳ್ಳುವಂತೆ ಮಾಡಿ, ತಡವಾಗಿ ಶ್ವಾಸನಾಳಕ್ಕೆ ಮುಟ್ಟುತ್ತದೆ. ಪಂಪು ನೇರವಾಗಿ ಅಲ್ಲಿಗೇ ಹೋಗುತ್ತದೆ. ಚೀಟಿಯ ಇನ್ನೊಂದು ಗುಳಿಗೆ ಅನೇಕ ಸಲ ಸ್ಟೀರಾಯ್ಡ್. ರಾತ್ರಿಯೇ ಆರಾಮ ಎನಿಸುತ್ತದೆ, ನಿಜ. ಡಾಕ್ಟರರ ಲೆಕ್ಕವಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಮುಖ ಬಾತು, ಸಕ್ಕರೆ ಏರಿ, ಎಲುಬು ಸವೆಯುತ್ತದೆ. ಆಮೇಲೆ ಒಮ್ಮೆಲೇ ಬಿಡುವುದೂ ಅಪಾಯ.

ಹಾಗಿದ್ದರೂ ಗುಳಿಗೆ ಏಕೆ ಗೆಲ್ಲುತ್ತದೆ? ಅದನ್ನು ಬಿಡಿಯಾಗಿ ಕೊಳ್ಳಬಹುದು. ಪಂಪನ್ನು ಬಿಡಿ ಬಿಡಿಯಾಗಿ ಮಾರುವಂತಿಲ್ಲ. ಇಡೀ ಡಬ್ಬಿಯ ಹಣ ಒಮ್ಮೆಗೇ ತೆರಬೇಕು. ದಿನಗೂಲಿಯವನಿಗೆ ಅಗ್ಗದ್ದೇ ದುಬಾರಿಯಾಗುವುದು ಹೀಗೆ. ಈ ಅಗ್ಗದ ಗುಳಿಗೆಯ ಗರಿಷ್ಠ ಬೆಲೆಯನ್ನೂ ಕೇಂದ್ರದ ಬೆಲೆ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಶೇಕಡಾ 50 ಏರಿಸಿತು. ಪಂಪು ಹಿಡಿದರೆ ಸಾಯುವವರೆಗೆ ಬಿಡದು ಎಂಬ ಅಂಜಿಕೆ ಬೇರೆ. ಮೃಗಶಿರಾ ಮಳೆ ಕೂಡುವ ದಿನ ಮೀನಿನ ಔಷಧ ನುಂಗಲು ಹೈದರಾಬಾದಿಗೆ ರೈಲು ಹತ್ತುವವರು ಆ ಖರ್ಚಿನಲ್ಲಿ ಎಷ್ಟು ತಿಂಗಳ ಪಂಪು ಬರುತ್ತಿತ್ತೆಂದು ಎಣಿಸಿ ನೋಡಲಿ.

ಪಂಪಿನಲ್ಲೂ ಎರಡು ಜಾತಿ. ಒಂದು ಕಟ್ಟಿದ ಉಸಿರನ್ನು ಆ ಗಳಿಗೆಗೆ ಬಿಡಿಸುವುದು. ಇನ್ನೊಂದು ಒಳಗಿನ ಬಾವನ್ನು ದಿನದಿನವೂ ತಗ್ಗಿಸುವುದು. ಮೊದಲನೆಯದೊಂದನ್ನೇ ನಂಬಿ ದೊಡ್ಡವರಿಗೆ ಚಿಕಿತ್ಸೆ ನಡೆಸಬಾರದೆಂದು ಜಗತ್ತಿನ ದಮ್ಮಿನ ತಜ್ಞರು 2019ರಲ್ಲೇ ಸಾರಿದರು. ಬಿಡಿಸುವ ಪಂಪಿನ ಡಬ್ಬಿಯಲ್ಲಿ 200 ಸೇದು. ವರ್ಷಕ್ಕೆ ಮೂರು ಡಬ್ಬಿ ಮುಗಿದರೆ ರೋಗ ಹತೋಟಿಯಲ್ಲಿಲ್ಲವೆಂದು ತಿಳಿಯಬೇಕು. ಹನ್ನೆರಡು ಮುಗಿದರೆ ಪ್ರಾಣಕ್ಕೇ ಹೆದರಬೇಕು. ಈ ಲೆಕ್ಕ ಡಾಕ್ಟರರಿಗೆ ಗೊತ್ತಾಗುವುದಿಲ್ಲ. ಅದು ಇರುವುದು ಅಂಗಡಿಯ ಉದ್ರಿ ವಹಿಯಲ್ಲಿ! ಬಾಕಿ ಎಷ್ಟೆಂದು ನೋಡುವ ಕಣ್ಣು ಡಬ್ಬಿ ಎಷ್ಟೆಂದೂ ನೋಡಲಿ ಎಂಬುದಷ್ಟೇ ನಮ್ಮ ಕೋರಿಕೆ.

ಕಲಿಸುವ ಕೆಲಸವೂ ಅಂಗಡಿಯವರದೇ. ಗಾಳಿಯ ಪಂಪನ್ನು ಅಲುಗಾಡಿಸಿ, ಉಸಿರು ಹೊರಬಿಟ್ಟು, ಒತ್ತುತ್ತ ನಿಧಾನವಾಗಿ ಆಳಕ್ಕೆ ಎಳೆದು, ಹತ್ತು ಎಣಿಸುವವರೆಗೆ ತಡೆಯಬೇಕು. ಪುಡಿಯ ಯಂತ್ರವಾದರೆ ಜೋರಾಗಿ ಎಳೆಯಬೇಕು. ಪುಡಿಯ ಕ್ಯಾಪ್ಸೂಲನ್ನು ನೀರು ಕುಡಿದು ನುಂಗುವವರೂ ಇದ್ದಾರೆ. ನಗುವ ಮಾತಲ್ಲ, ಅವರಿಗೆ ಯಾರೂ ತೋರಿಸಲಿಲ್ಲ. ಬಾವಿನ ಪಂಪು ಸೇದಿದ ಮೇಲೆ ಬಾಯಿ ಮುಕ್ಕಳಿಸಬೇಕು. ಮೈಕೈ ನೋವಿಗೆ ಗುಳಿಗೆ ಕೇಳುವ ಹಮಾಲನಿಗೆ "ದಮ್ಮು ಐತೇನು?" ಎಂದು ಕೇಳಿ ಕೊಡಬೇಕು, ಆಸ್ಪಿರಿನ್ ಮತ್ತು ಅದರ ಬಳಗದ ನೋವಿನ ಗುಳಿಗೆಗಳಿಂದ ಕೆಲವರಿಗೆ ದಮ್ಮು ಕೆರಳುತ್ತದೆ. ರಜೆಯ ದಿನ ಉಸಿರು ಹಗುರಾಗುವುದೇ ಎಂಬ ಪ್ರಶ್ನೆಯೊಂದು ಸಾಕು, ರೋಗದ ಬೇರು ಗಿರಣಿಯಲ್ಲಿದೆಯೇ ಎಂದು ಅನುಮಾನಿಸಲು.

ಇದು ನಮ್ಮ ಕಲ್ಪನೆಯಲ್ಲ. ಫಿನ್ಲೆಂಡಿನಲ್ಲಿ 1994ರಿಂದ 2004ರವರೆಗೆ ನಡೆದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಔಷಧದ ಅಂಗಡಿಗಳನ್ನೂ ಕೂಡಿಸಿಕೊಂಡರು. ದಮ್ಮಿನವರು ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧಕ್ಕೆ ಇಳಿದವು. ನಮ್ಮಲ್ಲಿಯೂ 1948ರ ಫಾರ್ಮಸಿ ಕಾಯ್ದೆಯಿದೆ. ರೋಗಿಗೆ ತಿಳಿವಳಿಕೆ ಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಗಳು ಹೇಳುತ್ತವೆ. ಆದರೆ ಎಷ್ಟೋ ಕಡೆ ಪ್ರಮಾಣಪತ್ರ ಗೋಡೆಯ ಮೇಲೆ, ಪತ್ರದ ಒಡೆಯ ಬೇರೆ ಊರಲ್ಲಿ, ಕಟ್ಟೆಯ ಹಿಂದೆ ಹತ್ತನೆಯ ಇಯತ್ತೆ ಮುಗಿಸಿದ ಹುಡುಗ. ಹುಡುಗನಿಗೆ ಸಿಗುವ ಪಗಾರವೂ ಗಿರಣಿಯ ಕೂಲಿಗಿಂತ ಹೆಚ್ಚಿನದಲ್ಲ. ಪರವಾನಗಿ ಬಾಡಿಗೆಗೆ ಕೊಡುವುದು ನಿಲ್ಲಲೇಬೇಕು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ.

ಒಂದು ವಾಕ್ಯ ಮುಗಿಸಲಾರದವನಿಗೆ, ತುಟಿ ನೀಲಿಯಾದವನಿಗೆ, ಪಂಪು ಸೇದಿದರೂ ತಗ್ಗದವನಿಗೆ ಗುಳಿಗೆ ಕೊಟ್ಟು ಕಳಿಸಬೇಡಿರಿ. ಕುಳ್ಳಿರಿಸಿ, ಪಂಪು ಸೇದಿಸುತ್ತ, 108ಕ್ಕೆ ಫೋನು ಮಾಡಿರಿ.

ಬಾವು ತಗ್ಗಿಸುವ ಬ್ಯುಡೆಸೊನೈಡ್ 2022ರ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಮೂರೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಲ್ಲಿ ಅದು ವರ್ಷವಿಡೀ ಪುಕ್ಕಟೆ ಸಿಗಬೇಕು. ಗಿರಣಿ ಮಾಲಕರು ಧೂಳು ಎಳೆಯುವ ಫ್ಯಾನು ಹಾಕಿಸಬೇಕು. ಹಮಾಲರ ಸಂಘಗಳು ಈ ಸುಗ್ಗಿಯೊಳಗೆ ಒಂದು ಸಂಜೆ ಔಷಧ ವ್ಯಾಪಾರಿಗಳನ್ನು ಸಭೆಗೆ ಕರೆಯಲಿ. ಪಂಪು ಇರುವವರು ಅದನ್ನು ಕಿಸೆಯಲ್ಲಿಟ್ಟುಕೊಂಡು ಬಂದು, ಎಲ್ಲರೆದುರು ಒಮ್ಮೆ ಸೇದಿ ತೋರಿಸಲಿ.