650 ಸಾಕೇ, ಸಾವಿರ ಬೇಕೇ?

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಅಕ್ಕನ ಮಗ ಹೊಸ ಡೆಸ್ಕ್‌ಟಾಪಿನ ಸಾಮಾನು ಒಂದೊಂದಾಗಿ ಬರೆಸುತ್ತಿದ್ದ. ಪ್ರೊಸೆಸರ್, ಬೋರ್ಡು, ಗ್ರಾಫಿಕ್ಸ್ ಕಾರ್ಡು ಯಾವುದಕ್ಕೂ ತಕರಾರು ಬರಲಿಲ್ಲ. ಇವಕ್ಕೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ ಸರದಿ ಬಂದಾಗ ಪೆನ್ನು ನಿಂತಿತು. 650 ವ್ಯಾಟಿನದು ಸಾಕು ಎಂದೆ. “ಸಾವಿರದ್ದೇ ಹಾಕ್ಸೋಣ ಮಾವ, ಹತ್ತು ವರ್ಷ ಆ ಕಡೆ ತಿರುಗಿ ನೋಡೋದೇ ಬೇಡ” ಎಂದ ಅವನು. ಅಂಗಡಿಯವರು ಇಬ್ಬರ ಮುಖವನ್ನೂ ನೋಡಿ, “850 ಹಾಕ್ಸ್‌ಬಿಡಿ ಸಾರ್” ಎಂದು ವ್ಯಾಜ್ಯ ಬಿಡಿಸಲು ಬಂದರು.

ನನ್ನ ಲೆಕ್ಕ ಸರಳವಾಗಿತ್ತು. ಅವನು ಆರಿಸಿದ ರೈಜೆನ್ 5 7600 ಪ್ರೊಸೆಸರ್ ಮೈಮುರಿದು ದುಡಿದರೂ 88 ವ್ಯಾಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಆರ್‌ಟಿಎಕ್ಸ್ 5070 ಕಾರ್ಡಿನದು 250 ವ್ಯಾಟ್. ಬೋರ್ಡು, ರ‍್ಯಾಮ್, ಡಿಸ್ಕು, ಫ್ಯಾನುಗಳಿಗೆಂದು ಇನ್ನೊಂದು 60 ಇಡಿ. ಒಟ್ಟು 400ರ ಹತ್ತಿರ. ಕಾರ್ಡು ಮಾಡಿದ ಎನ್ವಿಡಿಯಾ ಕಂಪನಿಯೇ ಇದಕ್ಕೆ 650 ವ್ಯಾಟ್ ಸಾಕು ಎನ್ನುತ್ತದೆ. ಇನ್ನು 575 ವ್ಯಾಟಿನ ಆರ್‌ಟಿಎಕ್ಸ್ 5090 ಜೊತೆಗೆ 253 ವ್ಯಾಟಿನವರೆಗೆ ಏರುವ ಕೋರ್ ಐ9 ಕೂರಿಸುವವರಿದ್ದಾರಲ್ಲ, ಅವರಿಗೆ ಸಾವಿರಕ್ಕಿಂತ ಕಡಿಮೆಯ ಮಾತೇ ಇಲ್ಲ. ಆದರೆ ಅಂಥವರು ಅಂಗಡಿಯಲ್ಲಿ ನಿಂತು ಚರ್ಚೆ ಮಾಡುವುದಿಲ್ಲ.

‘ದೊಡ್ಡದೇ ತಗೋ’ ಎಂಬ ಸಲಹೆ ಸುಮ್ಮನೆ ಹುಟ್ಟಿದ್ದೂ ಅಲ್ಲ. 2020ರ ಸುಮಾರಿಗೆ ಬಂದ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ತಮ್ಮ ಹೆಸರಿಗಿದ್ದ ವ್ಯಾಟಿನ ದುಪ್ಪಟ್ಟಿನ ಹತ್ತಿರಕ್ಕೆ ಜಿಗಿಯುತ್ತಿದ್ದವು. ಸರಾಸರಿ ಲೆಕ್ಕದಲ್ಲಿ ಸಾಕಾಗುತ್ತಿದ್ದ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಆ ಜಿಗಿತಕ್ಕೆ ಬೆದರಿ ಆಫ್ ಆದವು. ಅದನ್ನು ಕಂಡವರು ಇವತ್ತಿಗೂ ಸಾವಿರ ವ್ಯಾಟ್ ಎನ್ನುತ್ತಾರೆ. 2022ರಲ್ಲಿ ಇಂಟೆಲ್ ಹೊರಡಿಸಿದ ಎಟಿಎಕ್ಸ್ 3.0 ನಿಯಮ ಇದಕ್ಕೆ ಮದ್ದು ಅರೆಯಿತು: ಕಾರ್ಡಿಗೆ ಕರೆಂಟ್ ಕೊಡುವ ಹೊಸ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ವ್ಯಾಟಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡು ತಡೆದುಕೊಳ್ಳಬೇಕು. ಈ ನಿಯಮಕ್ಕೆ ತಕ್ಕಂತೆ ಮಾಡಿದ 650ಕ್ಕೆ ಈಗ ಆ ಭಯವಿಲ್ಲ.

ದೊಡ್ಡದನ್ನು ಬೇಡ ಎನ್ನುವವರು ಕೊಡುವ ಕಾರಣಗಳಲ್ಲಿ ಒಂದು ಮಾತ್ರ ಪೂರಾ ತಪ್ಪು. ಸಾವಿರ ವ್ಯಾಟಿನದು ಹಾಕಿದರೆ ಕರೆಂಟ್ ಬಿಲ್ಲು ಏರುತ್ತದಂತೆ. ಛಾವಣಿಯ ಮೇಲಿನ ಟ್ಯಾಂಕು ದೊಡ್ಡದಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಹೆಚ್ಚು ಹರಿಯುತ್ತದೆಯೇ? ಕಂಪ್ಯೂಟರ್ ಕೇಳಿದಷ್ಟನ್ನೇ ಅದು ಕೊಡುವುದು. ಒಂದಿಷ್ಟು ವ್ಯತ್ಯಾಸ ಇರುವುದು ನಷ್ಟದಲ್ಲಿ. ಬರೀ ಟೈಪಿಂಗ್, ಬ್ರೌಸಿಂಗ್ ನಡೆಯುವಾಗ ಬೇಕಾಗುವ 60 ವ್ಯಾಟು ದೊಡ್ಡ ಯೂನಿಟ್ಟಿಗೆ ತೀರಾ ಕಡಿಮೆ ಹೊರೆ. ಅಷ್ಟರಲ್ಲಿ ಅದರ ದಕ್ಷತೆ ಕುಗ್ಗುತ್ತದೆ. ಐದು ವ್ಯಾಟ್ ಹೆಚ್ಚು ಪೋಲಾಯಿತು ಅಂತಲೇ ಇಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 15 ಯೂನಿಟ್ಟೂ ಆಗದು. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 90 ರೂಪಾಯಿಯ ಒಳಗೆ. ಅದೇ ಯಂತ್ರ ಆಟವಾಡಿಸುವಾಗ ದೊಡ್ಡದು ಅರ್ಧ ಹೊರೆಯ ಹತ್ತಿರ ಬಂದು, ಕಳೆದದ್ದರಲ್ಲಿ ಒಂದಿಷ್ಟನ್ನು ವಾಪಸು ಕೊಟ್ಟೀತು. ಉಚಿತ ಕರೆಂಟಿನ ‘ಗೃಹಜ್ಯೋತಿ’ಯ 200 ಯೂನಿಟ್ಟಿನ ಗೆರೆ ಮುಟ್ಟುವ ಮನೆಯವರು ಚಿಂತಿಸಬೇಕಾದದ್ದು ಎಸ್‌ಎಂಪಿಎಸ್ ಬಗ್ಗೆ ಅಲ್ಲ, ರಾತ್ರಿಯಿಡೀ ಆಟವಾಡುವ ಹುಡುಗನ ಬಗ್ಗೆ.

ಇನ್ನು ಅಳಿಯನ ‘ಹತ್ತು ವರ್ಷ’ದ ಮಾತು. ಒಳ್ಳೆಯ ಕಂಪನಿಗಳು ಕೆಲವು ಮಾಡೆಲ್‌ಗಳಿಗೆ ನಿಜವಾಗಿಯೂ ಹತ್ತು ವರ್ಷ ವಾರಂಟಿ ಕೊಡುತ್ತವೆ. ಕಾರ್ಡು ಎರಡು ಸಲ ಬದಲಾದರೂ ಎಸ್‌ಎಂಪಿಎಸ್ ಅದೇ ಇರಬಹುದು. ಕಾರ್ಡುಗಳ ಹಸಿವೂ ಏರಿದೆ: 2017ರ ಜಿಟಿಎಕ್ಸ್ 1080 ಟಿಐ 250 ವ್ಯಾಟ್ ಇತ್ತು, 2020ರ ಆರ್‌ಟಿಎಕ್ಸ್ 3090 350, 2022ರ 4090 450, 2025ರ 5090 575. ಇಷ್ಟು ನೋಡಿದರೆ ಅವನದೇ ಸರಿ. ಆದರೆ ಮಧ್ಯಮ ವರ್ಗದ ಕಾರ್ಡುಗಳ ಕತೆ ಬೇರೆ. 2016ರ ಜಿಟಿಎಕ್ಸ್ 1060ಕ್ಕೆ 120 ವ್ಯಾಟ್ ಬೇಕಿತ್ತು. 2021ರ 3060ಕ್ಕೆ 170. 2023ರ 4060 ಕೆಳಗಿಳಿದು 115ಕ್ಕೆ ಬಂತು. 2025ರ 5060 145ರಲ್ಲಿದೆ. ಹೊಟ್ಟೆ ಬೆಳೆದದ್ದು ಮೇಲಿನ ಮಹಡಿಯವರದು. ಅಳಿಯ ನಾಳೆ ಆ ಮಹಡಿ ಹತ್ತುತ್ತಾನೋ ಇಲ್ಲೇ ಉಳಿಯುತ್ತಾನೋ ಎಂಬುದು ಅವನ ಸಂಬಳಕ್ಕೆ ಸಂಬಂಧಿಸಿದ ಪ್ರಶ್ನೆ. ಜೊತೆಗೆ, ಮುಂದಾಲೋಚನೆಯಿಂದ 2020ರಲ್ಲೇ ಸಾವಿರದ್ದು ಕೊಂಡವರಿಗೆ ಎರಡೇ ವರ್ಷದಲ್ಲಿ ಕನೆಕ್ಟರ್ ಬದಲಾಯಿತು. ವ್ಯಾಟು ಬೇಕಾದಷ್ಟಿತ್ತು, ಹೊಸ ಕಾರ್ಡಿಗೆ ಅಡಾಪ್ಟರ್ ಸಿಕ್ಕಿಸಬೇಕಾಯಿತು.

ಅಂಗಡಿಯಲ್ಲಿ ನಾವು ಮೂವರೂ ಎತ್ತದ ವಿಷಯ ಒಂದಿತ್ತು. ನನ್ನ ಲೆಕ್ಕವನ್ನು ಸ್ವಲ್ಪ ಅಲುಗಾಡಿಸಿದ್ದೂ ಅದೇ: ನಮ್ಮ ಊರಿನ ಕರೆಂಟು. ಮಳೆಗಾಲದ ಸಂಜೆ ದೀಪ ಒಮ್ಮೆ ಮಿನುಗಿ ಮತ್ತೆ ಹತ್ತಿಕೊಳ್ಳುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ. ಎಸ್‌ಎಂಪಿಎಸ್ ಒಳಗಿನ ದಪ್ಪ ಕೆಪಾಸಿಟರ್ ಅಷ್ಟು ಹೊತ್ತು ತನ್ನಲ್ಲಿ ಕೂಡಿಟ್ಟದ್ದನ್ನು ಖರ್ಚು ಮಾಡಿ ಯಂತ್ರವನ್ನು ನಡೆಸಬೇಕು. ಇಂಟೆಲ್‌ನ ನಿಯಮದಲ್ಲಿ ಶೇ. 80ರ ಹೊರೆಗೆ 17 ಮಿಲಿಸೆಕೆಂಡು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡು, ಅಂದರೆ ಒಂದೇ ಒಂದು ಸುತ್ತು ತಪ್ಪಿದರೂ ಈ ಗಡುವು ಮೀರಿತು. ಆದರೆ ಹೊರೆ ಅರ್ಧವಾದರೆ ಕೂಡಿಟ್ಟದ್ದು ಸುಮಾರು ಎರಡರಷ್ಟು ಹೊತ್ತು ಬರುತ್ತದೆ. ಆ ನಿಯಮದಷ್ಟೇ ಮಾಡುವ ಯೂನಿಟ್ಟುಗಳನ್ನು ಹಿಡಿದು ನೋಡಿ: 400 ವ್ಯಾಟ್ ಎಳೆಯುವ ಯಂತ್ರಕ್ಕೆ 650ರದು 22 ಮಿಲಿಸೆಕೆಂಡು ಜೀವ ಹಿಡಿದರೆ, ಸಾವಿರದ್ದು 34ರವರೆಗೆ ಹಿಡಿದೀತು. ದೊಡ್ಡ ಎಸ್‌ಎಂಪಿಎಸ್ ಪರವಾಗಿ ನಾನು ಮನಸಾರೆ ಒಪ್ಪುವ ವಾದ ಇದು. ಫ್ಯಾನು ಸದ್ದಿಲ್ಲದೆ ಇರುತ್ತದೆ, ಒಳಗೆ ಬಿಸಿ ಕಡಿಮೆಯಾಗಿ ಕೆಪಾಸಿಟರ್ ಬಾಳುತ್ತದೆ ಎಂಬವು ಅದರ ಹಿಂದೆ ಬರುವ ಲಾಭಗಳು.

ಹಾಗಂತ ಹೊರಗಿನ ಅಂಕಿ ನಂಬಿ ಕೊಳ್ಳುವಂತಿಲ್ಲ. ಕ್ಯಾಬಿನೆಟ್ಟಿನ ಜೊತೆಗೇ ಬರುವ, ಮೇಲೆ 500 ವ್ಯಾಟ್ ಎಂದು ಬರೆದ ಡಬ್ಬಿಯ ಲೇಬಲ್ಲನ್ನು ಓದಿ. 12 ವೋಲ್ಟಿನ ಸಾಲಿನಲ್ಲಿ 18 ಆಂಪಿಯರ್ ಎಂದಿದ್ದರೆ ಗುಣಿಸಿ: 216 ವ್ಯಾಟ್. ಈಗಿನ ಯಂತ್ರಗಳು ಬಹುಪಾಲು ಉಣ್ಣುವುದು ಆ ಸಾಲಿನಿಂದಲೇ. ನಿಜವಾದ 650ರಲ್ಲಿ ಅಲ್ಲಿ 54 ಆಂಪಿಯರಿನ ಸುಮಾರು ಇರುತ್ತದೆ. ಹೆಸರಿಲ್ಲದ ಸಾವಿರಕ್ಕಿಂತ ಗಟ್ಟಿಯಾದ 650 ಮೇಲು. ಈ ವಿಷಯದಲ್ಲಿ ನಾನು ಎರಡು ಕಡೆ ಮಾತಾಡುವುದಿಲ್ಲ.

ಉಳಿಯುವುದು ದುಡ್ಡು. ಒಳ್ಳೆಯ 650ಕ್ಕೂ ಅಷ್ಟೇ ಒಳ್ಳೆಯ ಸಾವಿರಕ್ಕೂ ನಡುವಿನ ಬೆಲೆಯ ವ್ಯತ್ಯಾಸದಲ್ಲಿ ಒಂದು ಯುಪಿಎಸ್ ಬರುತ್ತದೆ. ಅದು ಮಿಲಿಸೆಕೆಂಡುಗಳನ್ನಲ್ಲ, ಫೈಲು ಸೇವ್ ಮಾಡಿ ಎದ್ದು ಹೋಗುವಷ್ಟು ನಿಮಿಷಗಳನ್ನು ಕೊಡುತ್ತದೆ. ಆದರೆ ಅಲ್ಲೂ ಲೇಬಲ್ಲು ಓದಬೇಕು: ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಮಾತ್ರ. ಅಳಿಯನ ಯಂತ್ರ ಆಟದ ನಡುವೆ ಅದನ್ನು ಕೂರಿಸಿಬಿಡುತ್ತದೆ. ಅವನಿಗೆ ಬೇಕಾದ ಸಾವಿರ ವಿಎಯದು ಆ ವ್ಯತ್ಯಾಸದ ದುಡ್ಡನ್ನೂ ಮೀರೀತು.

ಕೊನೆಗೆ ಅವನು 850 ಬರೆಸಿದ, ಯುಪಿಎಸ್ ಮುಂದಿನ ತಿಂಗಳಿಗೆ ಎಂದ. ನಾನು ಹೆಚ್ಚು ಎಳೆಯಲಿಲ್ಲ. ಮನೆಗೆ ಹೋದ ಮೇಲೆ ಇನ್ವರ್ಟರಿನ ಹಿಂದಿರುವ ಸ್ವಿಚ್ಚು ನಾರ್ಮಲ್‌ನಲ್ಲಿದೆಯೋ, ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ತಿರುಗುವ ಯುಪಿಎಸ್ ಮೋಡ್‌ನಲ್ಲಿದೆಯೋ ನೋಡಿ ಫೋನ್ ಮಾಡು ಎಂದಷ್ಟೇ ಹೇಳಿದೆ. ನಾರ್ಮಲ್‌ನಲ್ಲಿತ್ತು.