ಹಳೆಯ ಬರಹದ ಮೇಲೆ ಹೊಸ ಬರಹ

ಪ್ರಯೋಗಶಾಲೆಯ ಪುಸ್ತಕದಲ್ಲಿ ತಪ್ಪಿ ಬರೆದ ಅಂಕಿಯನ್ನು ಅಳಿಸಬಾರದೆಂಬುದು ವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಬಲ್ಲ ನಿಯಮ. ಅದರ ಮೇಲೊಂದು ಗೆರೆಯೆಳೆದು ಪಕ್ಕದಲ್ಲಿ ಸರಿಯಾದುದನ್ನು ಬರೆಯಬೇಕು. ಹಳೆಯದೂ ಓದಲು ಉಳಿದಿರಬೇಕು. ಆದರೆ ಅವೇ ಅಳತೆಗಳನ್ನು ಕಂಪ್ಯೂಟರಿನ ಫೈಲಿನಲ್ಲಿ ಇಡತೊಡಗಿದೊಡನೆ ಈ ನಿಯಮವು ಮರೆತುಹೋಗುವುದೇಕೆ? ಹಳೆಯ ಫೈಲಿನ ಮೇಲೆಯೇ ಹೊಸದನ್ನು ಬರೆಯುವಂತೆ ಪ್ರೋಗ್ರಾಮನ್ನು ರಚಿಸುವುದು, ಫಲವು ಎಣಿಸಿದಂತೆ ಬಾರದಿದ್ದರೆ ಯಂತ್ರವನ್ನು ದೂರುವುದು ಇಂದು ಸಾಮಾನ್ಯವಾಗಿದೆ. ಯಂತ್ರವು ಕೆಟ್ಟಿರುವುದು ಅಪೂರ್ವ. ನಾವು ಹೇಳಿದುದನ್ನು ಅದು ಅಕ್ಷರಶಃ ನಡೆಸಿರುವುದೇ ಹೆಚ್ಚು.

ಒಂದು ಉದಾಹರಣೆಯನ್ನು ನೋಡೋಣ. ಫೈಲೆಂಬುದು ಬೈಟುಗಳೆಂಬ ಗೂಡುಗಳ ಸಾಲು. ಪೈಥಾನ್ ಭಾಷೆಯಲ್ಲಿ ‘ಆರ್ ಪ್ಲಸ್’ ಎಂಬ ವಿಧಾನದಿಂದ ಫೈಲನ್ನು ತೆರೆದರೆ ಹಳೆಯ ಬರಹವು ಹಾಗೆಯೇ ಇದ್ದು, ಹೊಸ ಬರವಣಿಗೆ ಮೊದಲ ಗೂಡಿನಿಂದ ಆರಂಭವಾಗುತ್ತದೆ. ಫೈಲಿನಲ್ಲಿ 1024 ಎಂದಿರಲಿ. ಪ್ರೋಗ್ರಾಮು ಅದರ ಮೇಲೆ 97 ಎಂದು ಬರೆಯಲಿ. ದೊರೆಯುವುದು 97 ಅಲ್ಲ, 9724! ಹೊಸದು ಎರಡು ಗೂಡುಗಳನ್ನು ಮಾತ್ರ ತುಂಬಿತು. ಹಳೆಯದರ ಬಾಲ ಉಳಿಯಿತು. ಬರೆದು ಮುಗಿದೆಡೆಯಲ್ಲಿ ‘ಟ್ರಂಕೇಟ್’ ಆಜ್ಞೆಯಿಂದ ಫೈಲನ್ನು ಕತ್ತರಿಸಿದ್ದರೆ ಹೀಗಾಗುತ್ತಿರಲಿಲ್ಲ. ಯಾವ ಎಚ್ಚರಿಕೆಯೂ ಬಾರದಿರುವುದೇ ಇಲ್ಲಿನ ಅಪಾಯ. 9724 ಕೂಡ ಸಂಖ್ಯೆಯೇ ತಾನೆ? ಅದು ಸದ್ದಿಲ್ಲದೆ ನಮ್ಮ ನಕ್ಷೆಯನ್ನು ಸೇರುತ್ತದೆ.

‘ಡಬ್ಲ್ಯು’ ವಿಧಾನದ ಸ್ವಭಾವ ಇದಕ್ಕೆ ವಿರುದ್ಧ. ತೆರೆದ ಕ್ಷಣದಲ್ಲಿಯೇ ಅದು ಫೈಲನ್ನು ಬರಿದುಮಾಡುತ್ತದೆ. ತರುವಾಯ ಪ್ರೋಗ್ರಾಮು ನಡುವೆ ನಿಂತುಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಬರೆದುದೆಲ್ಲ ಒಡನೆಯೇ ಫೈಲನ್ನು ಸೇರುವುದೂ ಇಲ್ಲ. ಕೆಲಕಾಲ ಸ್ಮೃತಿಯಲ್ಲಿ ಕಾದಿರುತ್ತದೆ. ಫೈಲನ್ನು ಮುಚ್ಚುವ ಮೊದಲೇ ಓದಹೊರಟವರಿಗೆ ಅರೆಬರಹ ಕಂಡರೆ ಆಶ್ಚರ್ಯವಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಡಕುಂಟು. ಯುಟಿಎಫ್-8 ಸಂಕೇತದಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು ಬೇಕು. ‘ಕನ್ನಡ’ ಎಂಬ ಪದದಲ್ಲಿ 5 ಸಂಕೇತಗಳಿದ್ದು ಅದು 15 ಬೈಟುಗಳನ್ನು ಆಕ್ರಮಿಸುತ್ತದೆ. ಅದರ ಮೇಲೆ 4 ರೋಮನ್ ಅಕ್ಷರಗಳನ್ನು ಬರೆದರೆ ಎರಡನೆಯ ಸಂಕೇತವು ತುಂಡಾಗಿ, ಓದಲಾಗದ ಗುರುತುಗಳು ಕಾಣಿಸಿಕೊಳ್ಳುತ್ತವೆ.

ಇಂತಹ ಅನಿರೀಕ್ಷಿತ ಫಲವು ಎದುರಾದಾಗ ಮಾಡಬೇಕಾದುದೇನು? ಪ್ರೋಗ್ರಾಮನ್ನು ಮತ್ತೆ ಮತ್ತೆ ಓಡಿಸುವುದಂತೂ ಅಲ್ಲ. ಪ್ರತಿ ಓಟವೂ ಇದ್ದ ಸಾಕ್ಷ್ಯವನ್ನು ಅಳಿಸುತ್ತದೆ. ಮೊದಲು ಕೆಟ್ಟ ಫೈಲಿನ ಪ್ರತಿಯೊಂದನ್ನು ಬೇರೆಡೆ ಇಡಿರಿ. ಅದರ ಉದ್ದವನ್ನು ಬೈಟುಗಳಲ್ಲಿ ಎಣಿಸಿರಿ. ಉದ್ದ ಸೊನ್ನೆಯಾಗಿದ್ದರೆ ತೆರೆದ ವಿಧಾನವನ್ನು ಸಂಶಯಿಸಿರಿ. ಕೊನೆಯಲ್ಲಿ ಹಳೆಯ ಬರಹವಿದ್ದರೆ ಕತ್ತರಿಸದಿರುವುದನ್ನು. ಹೊಸ ಬರಹವೇ ಅಪೂರ್ಣವಾಗಿದ್ದರೆ ಮುಚ್ಚದಿರುವುದನ್ನು. ಬಳಿಕ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸಿರಿ. ಲೋಲಕದ ಪ್ರಯೋಗದಲ್ಲಿ ಉದ್ದವನ್ನೂ ಗುಂಡಿನ ತೂಕವನ್ನೂ ಒಮ್ಮೆಗೇ ಬದಲಿಸುವವರುಂಟೆ?

ಬರುವ ಹಾನಿಯನ್ನು ಮೊದಲೇ ತಡೆಯುವ ಮಾರ್ಗವೂ ಉಂಟು. ಹೊಸದನ್ನು ಬೇರೊಂದು ಫೈಲಿನಲ್ಲಿ ಪೂರ್ಣವಾಗಿ ಬರೆದು, ಡಿಸ್ಕಿಗೆ ಇಳಿಸಿ, ಕೊನೆಗೆ ಅದಕ್ಕೆ ಹಳೆಯ ಹೆಸರನ್ನು ಕೊಡುವುದು. ಇದು ಅತಿಯಾದ ಜಾಗರೂಕತೆಯಲ್ಲ. 2009ರಲ್ಲಿ ಲಿನಕ್ಸಿನ ಇಎಕ್ಸ್‌ಟಿ4 ಎಂಬ ಹೊಸ ವ್ಯವಸ್ಥೆಯನ್ನು ಬಳಸುತ್ತಿದ್ದ ಕೆಲವರು, ಯಂತ್ರವು ಹಠಾತ್ತನೆ ನಿಂತ ಬಳಿಕ ತಮ್ಮ ಫೈಲುಗಳು ಸೊನ್ನೆಯ ಉದ್ದಕ್ಕೆ ಇಳಿದಿರುವುದನ್ನು ಕಂಡರು. ಆ ವ್ಯವಸ್ಥೆಯು ಬರಹವನ್ನು ಡಿಸ್ಕಿಗೆ ಇಳಿಸಲು ತಡಮಾಡುತ್ತಿತ್ತು. ಅನೇಕ ಪ್ರೋಗ್ರಾಮುಗಳಾದರೋ ಅದು ಇಳಿದಿದೆಯೆಂದೇ ನಂಬಿದ್ದವು.

ನಮ್ಮ ಕಾಲೇಜುಗಳಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿಸುವವರು ಈ ಶಿಸ್ತನ್ನೂ ಮೊದಲ ದಿನದಿಂದಲೇ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಲೆಕ್ಕ ತಪ್ಪಿದರೆ ಇನ್ನೊಮ್ಮೆ ಮಾಡಬಹುದು; ಮೂಲ ಅಳತೆಯೇ ಅಳಿದುಹೋದರೆ ಯಾವುದರಿಂದ ಮಾಡುವುದು?